ಎಂಜಿನ್ ಇಲ್ಲದ ನಾಲ್ಕು ಸೀಟು

ನಗಬೇಡಿ ಗೆಳೆಯರೇ, ಇವತ್ತು ನಾವು ವಿಮಾನ ಕೊಳ್ಳಲು ಹೋಗಿದ್ದೆವು. ಯುದ್ಧ ಮುಗಿದ ಮೇಲೆ ಮಾರಾಟಕ್ಕಿಟ್ಟ ಎರಡು ಹಳೆಯ ವಿಮಾನಗಳು ಚಿಕ್ಕಮಗಳೂರಿನ ಮೈದಾನದಲ್ಲಿ ನಿಂತಿವೆ. ನಮ್ಮ ಕೈಗೆಟಕುವ ಬೆಲೆಗೆ ಎರಡು ಸೀಟಿನದು ಸಿಗುತ್ತದೆ, ಹಾರುತ್ತದೆ. ಅದೇ ಬೆಲೆಗೆ ನಾಲ್ಕು ಸೀಟಿನದೂ ಇದೆ, ಆದರೆ ಎಂಜಿನ್ ಇಲ್ಲ.

ಚಿಕ್ಕದನ್ನು ಎತ್ತು ಕೊಳ್ಳುವವರಂತೆ ಬೆನ್ನು ತಟ್ಟಿ ನೋಡಿದ ಅಮ್ಮ, "ಕಳಸದ ದೇವಸ್ಥಾನಕ್ಕೆ ಮನೆಯವ್ರೆಲ್ಲ ಒಟ್ಟಿಗೇ ಹೋಗೋದಲ್ವಾ ಮಾರಾಯ? ಇದ್ರಲ್ಲಿ ಯಾರನ್ನ ಬಿಟ್ಟು ಹೋಗ್ತೀಯ?" ಎಂದು ದೊಡ್ಡದನ್ನು ಹತ್ತಿ ಕೂತರು. ಅಪ್ಪ ಮತ್ತು ನನ್ನ ಹೆಂಡತಿ ಹಿಂದೆಯೇ ಹತ್ತಿದರು.

"ಅದು ಹಾರಲ್ಲಮ್ಮ!" ಎಂದು ರೇಗಿದೆ.

ಗಾಳಿಗೆ ರೆಕ್ಕೆಯ ಬಟ್ಟೆ ಗುಂಯ್‌ಗುಟ್ಟಿತು. ಅಮ್ಮ ಕಣ್ಣು ಮುಚ್ಚಿ ಕೈಮುಗಿದರು. "ಮೆತ್ತಗೆ ಮಾತಾಡು. ಕೆಳಗೆ ಭದ್ರೆ ಹೊಳೆ ಕಾಣ್ತಿದೆ."

ಉಳಿದ ಸೀಟಿನಲ್ಲಿ ನಾನೂ ಕೂತೆ. ಯಾವುದನ್ನು ಕೊಂಡೆವೆಂದು ಕೇಳಬೇಡಿ. ಅದರಿಂದ ಕೆಳಗಿಳಿದಾಗ, ಘಾಟಿ ಇಳಿಯುವಾಗ ಆಗುವಂತೆ, ನನಗೂ ಕಿವಿ ಕಟ್ಟಿತ್ತು.