ಸ್ಕೇಲಿಟ್ಟು ಹೊಡೆದ ಇಸವಿ

ವಲಸೆ ಇಲಾಖೆಯ ಪತ್ರವನ್ನು ಅಡುಗೆಮನೆಯಲ್ಲಿ ನಿಂತೇ ಮೂರು ಸಲ ಓದಿದೆ. ನಮ್ಮ ಕಂಪನಿ 2005ರ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ್ದಕ್ಕೆ ದಾಖಲೆ ಸಿಗುತ್ತಿಲ್ಲ. ಹತ್ತು ದಿನದೊಳಗೆ ಒದಗಿಸದಿದ್ದರೆ ಕಾಯಂ ವಾಸದ ಅರ್ಜಿ ತಿರಸ್ಕೃತವಾಗುತ್ತದೆ.

ಕಂಪನಿ ಎಂದರೆ ನಾವಿಬ್ಬರೇ. ತಕಾನಿನಿ ಎಂಬ ಊರಿನ ಒಂದು ಶೆಡ್ಡಿನಲ್ಲಿ ನನ್ನ ಗಂಡ ನೀರಿನ ಪಂಪು ರಿಪೇರಿ ಮಾಡುತ್ತಿದ್ದರು, ಕಾಗದಪತ್ರ ನನ್ನದು. ವ್ಯಾಪಾರದ ವೀಸಾದ ಮೇಲೆ ಮೈಸೂರಿನಿಂದ ಈ ದೇಶಕ್ಕೆ ಬಂದವರು ನಾವು. ಕಂಪನಿ ನಿಯಮದಂತೆ ನಡೆದಿದೆ ಎಂದು ತೋರಿಸಿದರಷ್ಟೇ ಇಲ್ಲಿ ಉಳಿಯಬಹುದಿತ್ತು.

ಆ ರಿಟರ್ನನ್ನು ತುಂಬಿದ್ದು ನಾನೇ, ಅಂಚೆಗೆ ಹಾಕಿದ್ದೂ ನಾನೇ. ಫೈಲಿನಿಂದ ನಕಲು ತೆಗೆದೆ. ಮೊದಲ ಪುಟದಲ್ಲೇ ಕಂಡಿತು. ಅಚ್ಚಾಗಿದ್ದ 2005ರ ಮೇಲೆ ಸ್ಕೇಲಿಟ್ಟು ಗೀಟೆಳೆದು, ಪಕ್ಕದಲ್ಲಿ 2006 ಎಂದು ಬರೆದು, ಚಿಕ್ಕ ಸಹಿಯನ್ನೂ ಹಾಕಿದ್ದೆ. ಮೈಸೂರಿನಲ್ಲಿ ಹನ್ನೊಂದು ವರ್ಷ ಆಡಿಟರ್ ಕಚೇರಿಯಲ್ಲಿದ್ದವಳು ನಾನು. ಮಾರ್ಚ್ 2005ಕ್ಕೆ ಮುಗಿದ ವರ್ಷದ ರಿಟರ್ನಿನ ಮೇಲೆ ಅಲ್ಲಿ ಅಸೆಸ್‌ಮೆಂಟ್ ವರ್ಷ 2005–06 ಎಂದು ಬರೆಯುತ್ತಾರೆ. ಇಲ್ಲಿ ವರ್ಷ ಮುಗಿದ ಇಸವಿಯಷ್ಟೇ, ಬರೀ 2005. ಅದು ಗೊತ್ತಿಲ್ಲದೆ, 2006 ಇರಬೇಕಾದಲ್ಲಿ ಹಿಂದಿನ ವರ್ಷದ ಫಾರಂ ಕಳಿಸಿದ್ದಾರೆಂದುಕೊಂಡು ನಾನು ಸರಿಪಡಿಸಿದ್ದೆ.

ಗಂಡ ನಕಲು ನೋಡಿದರು. "ಗೌರ್ಮೆಂಟ್ ಫಾರಂನೇ ತಿದ್ದಿದೀಯಲ್ಲೇ ತಾಯಿ! ಅದೂ ಸ್ಕೇಲ್ ಇಟ್ಟು!"

"ನಗ್ಬೇಡಿ ರೀ. ಈಗ್ಲೇ ತೆರಿಗೆ ಆಫೀಸಿಗೆ ಹೋಗ್ಬೇಕು."

"ಸರಿ, ವ್ಯಾನ್ ತೆಗೀತೀನಿ, ಬಾ."

"ನೀವು ಪಂಪ್ ನೋಡ್ಕೊಳ್ಳಿ. ತಪ್ಪು ನಂದು, ನಾನೇ ಹೋಗ್ತೀನಿ."

ರೈಲು ಹಿಡಿದು ತೆರಿಗೆ ಕಚೇರಿಗೆ ಹೋದೆ. ಕೌಂಟರಿನ ಹೆಂಗಸು ಕಂಪ್ಯೂಟರಿನಲ್ಲಿ ಹುಡುಕಿದಳು. ನಮ್ಮ ರಿಟರ್ನ್ ಮುಂದಿನ ವರ್ಷದ ಲೆಕ್ಕದಲ್ಲಿ ಕೂತಿತ್ತು. ಸರಿಮಾಡಲು ಮೂರು ವಾರ ಬೇಕು ಎಂದಳು. ಪತ್ರದ ತಾರೀಖಿನಿಂದ ಎಣಿಸಿದರೆ ನನ್ನ ಬಳಿ ಎಂಟು ದಿನ ಉಳಿದಿತ್ತು.

ಹಾಗಾದರೆ, ಗಡುವಿನೊಳಗೆ ರಿಟರ್ನ್ ತಲುಪಿದೆ, ಅದು 2005ರದ್ದು ಎಂದು ಒಂದು ಪತ್ರ ಕೊಡಿ ಎಂದೆ.

"ಕೌಂಟರಿನಲ್ಲಿ ಅಂಥ ಪತ್ರ ಕೊಡುವುದಿಲ್ಲ."

"ಕೊಡುವವರನ್ನು ಕರೆಯಿರಿ. ಕಾಯುತ್ತೇನೆ."

ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಎರಡು ತಾಸು ಕಳೆದ ಮೇಲೆ ಅವಳೇ ಪತ್ರ ತಂದಳು, ಮೇಲಧಿಕಾರಿಯ ಸಹಿಯಿತ್ತು. ಬೆರಳಿಟ್ಟು ಒಂದೊಂದೇ ಸಾಲು ಓದಿದೆ. ಮೂರನೆಯ ಸಾಲಿನಲ್ಲಿ ಇಸವಿ 2006 ಎಂದಿತ್ತು. ತೋರಿಸಿದೆ. ಅವಳು ನಾಚಿಕೊಂಡು, ಗೀಟು ಹೊಡೆದು ತಿದ್ದಲು ಪೆನ್ನು ತೆಗೆದಳು.

"ದಯವಿಟ್ಟು ತಿದ್ದಬೇಡಿ," ಎಂದೆ. "ಹೊಸದಾಗಿ ಪ್ರಿಂಟ್ ಮಾಡಿ, ಸಹಿ ಹಾಕಿಸಿ ಕೊಡಿ."

ಆ ಮಧ್ಯಾಹ್ನವೇ ಹೊಸ ಪತ್ರವನ್ನು ವಲಸೆ ಇಲಾಖೆಗೆ ಒಪ್ಪಿಸಿ ರಸೀದಿ ಪಡೆದೆ. ನಮ್ಮ ಅರ್ಜಿ ಉಳಿಯಿತು.