ಕೆಂಗೇರಿ ಕಡೆಯಿಂದ ಬರುವ ಮಳೆ

ಮೊನ್ನೆ ಹಬ್ಬಕ್ಕೆಂದು ದೇವರ ಮನೆಯ ತಾಮ್ರದ ಚೊಂಬು, ತಟ್ಟೆಗಳನ್ನೆಲ್ಲ ಇಳಿಸಿಕೊಂಡು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಿದ್ದೆ. ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳುಗಳಿಂದ ಆ ವಾಸನೆ ಹೋಗಲಿಲ್ಲ. ಮೂಗಿಗೆ ಬಂದರೂ ನಾಲಿಗೆಗೆ ಒಗರು ಹತ್ತಿದಂತಾಗುವ ತಾಮ್ರದ ವಾಸನೆ. ಕೈ ಒರೆಸಿಕೊಂಡು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ನಮ್ಮ ಮೇಸ್ತ್ರಿ ನೆನಪಾದರು. ಅವರ ಅಂಗೈ, ಅಂಗಿ, ಕೊನೆಗೆ ಊಟದ ಡಬ್ಬಿಯೂ ಆ ಒಂದು ವರ್ಷ ಹೀಗೇ ನಾರುತ್ತಿತ್ತು...

ಕಾಮಾಕ್ಷಿಪಾಳ್ಯದ ಹಿಂದಿನ ರಸ್ತೆಯೊಂದರಲ್ಲಿ ಅವರದೊಂದು ತಗಡಿನ ಕೆಲಸದ ಶೆಡ್ ಇತ್ತು. ನಾನು ಡಿಪ್ಲೊಮಾ ಮುಗಿಸಿ, ಎರಡು ಕಂಪನಿಗಳಲ್ಲಿ ಜಗಳ ಆಡಿ ಹೊರಗೆ ಬಂದು, ಇನ್ನೆಲ್ಲೂ ಗತಿಯಿಲ್ಲ ಎನ್ನುವಾಗ ಅಲ್ಲಿ ಡ್ರಾಯಿಂಗ್ ಬರೆಯಲು ಸೇರಿದೆ. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಿಂದ ನಡೆದೇ ಹೋಗಬಹುದಿತ್ತು ಎನ್ನುವುದೊಂದೇ ಆ ಕೆಲಸದ ಆಕರ್ಷಣೆ. ಮೇಸ್ತ್ರಿ ಮಾಗಡಿ ಕಡೆಯವರು, ಓದಿದ್ದು ಏಳನೇ ಕ್ಲಾಸು. ಸಮಾಧಾನದಲ್ಲಿದ್ದಾಗ ನನ್ನನ್ನು ‘ಅಮ್ಮಣ್ಣಿ’ ಎನ್ನುತ್ತಿದ್ದರು, ಸಿಟ್ಟು ಬಂದಾಗ ‘ಏನಮ್ಮ ಇಂಜಿನಿಯರಮ್ಮ’ ಎನ್ನುತ್ತಿದ್ದರು. ಮೊದಲ ಆರು ತಿಂಗಳು ನಾನು ಇಂಜಿನಿಯರಮ್ಮನೇ ಆಗಿದ್ದೆ ಅನ್ನಿ.

ತಗಡಿನ ಸೂರಿನಲ್ಲಿ ಒಂದು ತಗಡಿನ ಅಂಚು ಪಕ್ಕದ ತಗಡಿನ ಮೇಲೆ ಕೂರಬೇಕು. ಯಾವುದು ಮೇಲೆ, ಯಾವುದು ಕೆಳಗೆ ಎನ್ನುವುದರಲ್ಲೇ ಸೂರಿನ ಹಣೆಬರಹ ಇರುವುದು. ಮಳೆಗಾಳಿ ಬರುವ ದಿಕ್ಕಿನ ತಗಡು ಮೇಲಿದ್ದರೆ ನೀರು ಜಾರಿ ಹೋಗುತ್ತದೆ. ಅದೇ ಕೆಳಗಿದ್ದರೆ ಗಾಳಿ ನೀರನ್ನು ಸಂದಿಯೊಳಕ್ಕೆ ತಳ್ಳುತ್ತದೆ. ಇದನ್ನು ಕಾಲೇಜಿನಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಮಳೆ ಯಾವತ್ತಿದ್ರೂ ಕೆಂಗೇರಿ ಕಡೆಯಿಂದ್ಲೇ ಬರೋದು ಕಣಮ್ಮಣ್ಣಿ,” ಎನ್ನುತ್ತಿದ್ದರು ಮೇಸ್ತ್ರಿ. ಕೆಂಗೇರಿ ನಮಗೆ ಪಶ್ಚಿಮಕ್ಕೆ. ಹಾಗಾಗಿ ಪ್ರತಿ ತಗಡಿನ ಪಶ್ಚಿಮದ ಅಂಚಿಗೆ ಕಪ್ಪು ಮಾರ್ಕರಿನಲ್ಲಿ ‘ಕೆಂಗೇರಿ’ ಎಂದು ಬರೆಯುತ್ತಿದ್ದರು. ಆ ಅಂಚು ಮೇಲೆ ಕೂರಬೇಕು, ಅಷ್ಟೆ. ರಾಜಾಜಿನಗರದ ಫ್ಯಾಕ್ಟರಿಯಿರಲಿ, ವಿಜಯನಗರದ ಕಲ್ಯಾಣಮಂಟಪವಿರಲಿ, ಮೂವತ್ತು ವರ್ಷ ಇದೇ ಅವರ ಶಾಸ್ತ್ರ. ಅವರು ಹೊದಿಸಿದ ಸೂರು ಸೋರಿತು ಎಂದು ದೂರು ಹೇಳಿಕೊಂಡು ಬಂದವರನ್ನು ನಾನು ನೋಡಲಿಲ್ಲ.

ಒಂದು ದಿನ ಕಾವಿ ಬಣ್ಣದ ಬಟ್ಟೆ ತೊಟ್ಟ ಭಿಕ್ಷುವೊಬ್ಬರು ಆಟೋದಿಂದ ಇಳಿದರು. ನಾನು ಹಿಂದಿಯಲ್ಲಿ ತಡವರಿಸುತ್ತಿದ್ದರೆ ಅವರು, “ಕನ್ನಡದಲ್ಲೇ ಮಾತಾಡಿ ಅಕ್ಕ, ನಾನು ಹುಟ್ಟಿ ಬೆಳೆದಿದ್ದೆಲ್ಲಾ ಬೈಲುಕುಪ್ಪೆ,” ಎಂದು ನಕ್ಕರು. ಮೇಸ್ತ್ರಿ ಹಿಂದೊಮ್ಮೆ ಬೈಲುಕುಪ್ಪೆಯಲ್ಲಿ ಮಾಡಿದ್ದ ಪುಟ್ಟ ಮಂಟಪದ ಸೂರು ನೋಡಿ ಹುಡುಕಿಕೊಂಡು ಬಂದಿದ್ದರು. ಅವರು ಈಗ ನೋಡಿಕೊಳ್ಳುತ್ತಿದ್ದ ಗುಡಿ ಇದ್ದದ್ದು ಹಿಮಾಲಯದ ಯಾವುದೋ ಮೂಲೆಯಲ್ಲಿ. ಒಳಗೆ ಮಣ್ಣಿನ ಗೋಡೆಗಳ ತುಂಬ ತಲೆಮಾರುಗಳ ಹಿಂದೆ ಬಿಡಿಸಿದ ಬುದ್ಧನ ಚಿತ್ರಗಳು. ಸೂರು ಸೋರಿ ಒಂದು ಗೋಡೆಯ ಚಿತ್ರ ಆಗಲೇ ಕರಗಿಹೋಗಿತ್ತು. ಉಳಿದ ಮೂರು ಗೋಡೆಗಳು ಉಳಿಯಬೇಕಾದರೆ ಆ ಚಳಿಗಾಲದ ಹಿಮ ಬೀಳುವ ಮೊದಲು ಹೊಸ ಸೂರು ಆಗಬೇಕಿತ್ತು. ಫೋನಿನಲ್ಲಿ ಆ ಕರಗಿದ ಗೋಡೆಯ ಫೋಟೊ ತೋರಿಸಿದರು. ಮೇಸ್ತ್ರಿ ಅದನ್ನು ಬಹಳ ಹೊತ್ತು ನೋಡಿ, “ಆಯ್ತು ಬುದ್ದಿ, ಮಾಡ್ಕೊಡ್ತೀನಿ,” ಎಂದರು. ಎಲ್ಲಿ, ಎಷ್ಟು ದೂರ ಎಂದೂ ಕೇಳಲಿಲ್ಲ.

ರಸ್ತೆ ಮುಗಿದ ಮೇಲೆ ಹೇಸರಗತ್ತೆಗಳೇ ಸಾಮಾನು ಹೊರಬೇಕು ಎಂದು ಆಮೇಲೆ ಗೊತ್ತಾಯಿತು. ಹಾಗಾಗಿ ಉದ್ದ ತಗಡಿನ ಮಾತೇ ಇಲ್ಲ. ಮೂರು ಮೂರಡಿಯ ತಾಮ್ರದ ತುಂಡುಗಳನ್ನು ಇಲ್ಲೇ ಕತ್ತರಿಸಿ, ನಾಲ್ಕೂ ಅಂಚು ಮಡಿಚಿ, ಅಲ್ಲಿ ಒಂದಕ್ಕೊಂದು ಸಿಕ್ಕಿಸುವುದು ಎಂದಾಯಿತು. ಡ್ರಾಯಿಂಗ್ ನಂದು, ಮಡಿಕೆ ಅವರದು. ಬೇಸಿಗೆಯಿಡೀ ಶೆಡ್ಡಿನಲ್ಲಿ ತಾಮ್ರ ಬಡಿಯುವ ಸದ್ದೇ ಸದ್ದು. ಹೊರಡುವಾಗ, “ಬರೆದೋರು ಬಂದು ನೋಡ್ಬೇಕಮ್ಮ,” ಎಂದು ನನ್ನನ್ನೂ ಹೊರಡಿಸಿದರು. ನಮ್ಮಮ್ಮ ಚಟ್ನಿಪುಡಿ ಕಟ್ಟಿಕೊಟ್ಟು ಅತ್ತರು. ಮೇಸ್ತ್ರಿ, ಇಬ್ಬರು ಕೆಲಸದವರು, ನಾನು, ಇಷ್ಟೇ ಜನ.

ಆ ಬೆಟ್ಟದ ದಾರಿಯಲ್ಲಿ ಹೇಸರಗತ್ತೆಗಳ ಬೆನ್ನ ಮೇಲೆ ‘ಕೆಂಗೇರಿ, ಕೆಂಗೇರಿ’ ಎಂದು ಬರೆದ ತಗಡುಗಳು ಕುಲುಕುತ್ತಾ ಹೋಗುತ್ತಿದ್ದುದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೇಸ್ತ್ರಿಗೆ ಹತ್ತು ಹೆಜ್ಜೆಗೊಮ್ಮೆ ಉಸಿರು ಕಟ್ಟುತ್ತಿತ್ತು. ಕೂತು, ಎದ್ದು, ಬೈದುಕೊಂಡು ಹತ್ತಿದರು. ಉಪ್ಪು, ಬೆಣ್ಣೆ ಹಾಕಿದ ಅಲ್ಲಿನ ಚಹಾವನ್ನು ನಾನು ಮುಖ ಕಿವುಚಿ ಪಕ್ಕಕ್ಕಿಟ್ಟರೆ, “ಸಾರು ಅಂದ್ಕೊಂಡು ಕುಡೀರಮ್ಮ,” ಎಂದು ತಾವು ಎರಡೆರಡು ಬಟ್ಟಲು ಕುಡಿದರು.

ಗುಡಿಯ ಸೂರಿಗೆ ಎರಡು ಇಳಿಜಾರು. ಒಂದು ದಕ್ಷಿಣಕ್ಕೆ, ಒಂದು ಉತ್ತರಕ್ಕೆ. ಹೊಸ ಹಲಗೆ ಹೊಡೆದು, ಮೊದಲು ದಕ್ಷಿಣದ ಕಡೆ ತಾಮ್ರ ಹೊದಿಸಿದೆವು. ಹನ್ನೊಂದು ದಿನ ಹಿಡಿಯಿತು. ಬಿಸಿಲಿಗೆ ಅದು ಹೊಳೆಯುವುದನ್ನು ನೋಡಲು ಕೆಳಗಿನ ಹಳ್ಳಿಯಿಂದ ಅಜ್ಜಿಯರು ಹತ್ತಿ ಬಂದು ಕೈಮುಗಿದರು. ನನಗಂತೂ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಮಾರನೆಯ ಮಧ್ಯಾಹ್ನ ಗಾಳಿ ಎದ್ದಿತು. ಜೊತೆಗೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಹನಿ. ಮೇಸ್ತ್ರಿ ಗುಡಿಯೊಳಗೆ ಹೋಗಿ ಹಲಗೆಗಳ ಕೆಳಗೆ ತಲೆಯೆತ್ತಿ ನಿಂತವರು ನನ್ನನ್ನು ಕೂಗಿದರು. ಹಲಗೆಯ ಸಂದಿಯಿಂದ ನೂಲಿನಷ್ಟು ತೆಳ್ಳಗೆ ನೀರು ಇಳಿದು ಚಿತ್ರದ ಗೋಡೆಯ ತಲೆಯ ಹತ್ತಿರ ಬಂದಿತ್ತು. ಅವರು ಬೆರಳಲ್ಲಿ ಅದನ್ನು ಒರೆಸಿದರು. ಮತ್ತೆ ಇಳಿಯಿತು. ಹೊರಗೆ ಬಂದು ಗಾಳಿಗೆ ಮುಖ ಕೊಟ್ಟು ನಿಂತರು. ಗಾಳಿ ಬರುತ್ತಿದ್ದುದು ಪೂರ್ವದ ಕಣಿವೆಯಿಂದ, ಕೆಳಗಿನಿಂದ ಮೇಲಕ್ಕೆ.

“ಅಯ್ಯೋ ಶಿವನೇ... ಇಲ್ಲಿ ಕೆಂಗೇರಿ ಆ ಕಡೆ ಇದೆ ಕಣಮ್ಮ,” ಎಂದರು.

ಅಷ್ಟೂ ತಗಡುಗಳನ್ನು ನಮ್ಮೂರಿನ ಮಳೆಯ ಲೆಕ್ಕದಲ್ಲಿ ಮಡಿಚಿ ತಂದಿದ್ದೆವು. ದಿಕ್ಕು ಕೇಳಬೇಕು ಎಂದು ಡ್ರಾಯಿಂಗ್ ಬರೆದ ನನಗಾದರೂ ಹೊಳೆಯಬಾರದಿತ್ತೇ? ಆಗ ನಾನು ಆಡಿದ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. “ಮೇಸ್ತ್ರಿ, ಸಂದಿಗೆಲ್ಲ ಸಿಲಿಕೋನ್ ಅಂಟು ಹಾಕ್ಬಿಡೋಣ. ಯಾರ್ಗೂ ಗೊತ್ತಾಗಲ್ಲ.”

“ಎಷ್ಟ್ ವರ್ಷ ಬರತ್ತೆ ಅದು?”

“ನಾಲ್ಕೈದು ವರ್ಷ ಬರತ್ತೆ.”

“ಆಮೇಲೆ?”

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ನೇರ ಭಿಕ್ಷುಗಳ ಹತ್ತಿರ ಹೋದರು. ಅಲ್ಲಿ ಹಳ್ಳಿಯ ಏಳೆಂಟು ಜನ ಕೂತಿದ್ದರು. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಹಾಗೆ ಮಾಡದೆ ಎಲ್ಲರೆದುರೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, “ಬುದ್ದಿ, ತಪ್ಪಾಗೋಗಿದೆ. ನಂದೇ ತಪ್ಪು. ಇಲ್ಲಿ ಗಾಳಿ ಯಾವ್ ಕಡೆಯಿಂದ ಬರತ್ತೆ ಅಂತ ಒಂದ್ ಮಾತು ಕೇಳ್ಲಿಲ್ಲ. ಹಾಕಿರೋದೆಲ್ಲಾ ಬಿಚ್ತೀನಿ,” ಎಂದರು. ಇದರಲ್ಲಿ ನನ್ನ ಹೆಸರೇ ಬರಲಿಲ್ಲ.

ಭಿಕ್ಷುಗಳು ಆ ಮಾತನ್ನು ಹಳ್ಳಿಯವರಿಗೆ ಅವರ ಭಾಷೆಯಲ್ಲಿ ಹೇಳಿ, ಮೇಸ್ತ್ರಿಯ ಕಡೆ ತಿರುಗಿದರು. “ಮಳೆಗಾಳಿ ಯಾವಾಗ್ಲೂ ಕೆಳಗಿಂದಾನೇ ಬರೋದು ಮೇಸ್ತ್ರಿ. ಇಲ್ಲಿ ದನಗಳಿಗೂ ಗೊತ್ತು. ನಾನೂ ಹೇಳ್ಬೇಕಿತ್ತು. ಆದ್ರೆ ಇನ್ನು ಎರಡು ವಾರದಲ್ಲಿ ಹಿಮ ಬೀಳತ್ತೆ. ಮುಗಿಯತ್ತಾ?”

“ಗೊತ್ತಿಲ್ಲ ಬುದ್ದಿ.”

ಬಿಚ್ಚಿದ ಮೇಲೆ ಹೇಗೆ ಹೊದಿಸುವುದೆಂದು ಆ ಗಳಿಗೆಯಲ್ಲಿ ಅವರಿಗೂ ಗೊತ್ತಿರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಅಂಥ ಮನುಷ್ಯನನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಮರುದಿನ ಬೆಳಿಗ್ಗೆ ಬಂಡೆಯೊಂದರ ಮೇಲೆ ಕೂತು, ಬಿಚ್ಚಿದ ದಕ್ಷಿಣದ ತಗಡೊಂದನ್ನೂ ಇನ್ನೂ ಹಾಕದ ಉತ್ತರದ ತಗಡೊಂದನ್ನೂ ಎರಡು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಜೋರಾಗಿ ನಕ್ಕರು. “ಅಮ್ಮಣ್ಣಿ! ಇದು ಬಲಗೈ, ಇದು ಎಡಗೈ. ದಕ್ಷಿಣದ್ದು ಉತ್ತರಕ್ಕಾಕಣ, ಉತ್ತರದ್ದು ದಕ್ಷಿಣಕ್ಕಾಕಣ!” ನಾನು ಕಾಗದ ತೆಗೆದು ಗೀಚಿ ನೋಡಿದೆ. ಎರಡು ಇಳಿಜಾರೂ ಅಳತೆಯಲ್ಲಿ ಒಂದೇ, ಮಡಿಕೆ ಮಾತ್ರ ಎದುರು ಬದುರು. ತಗಡನ್ನು ಇದ್ದಲ್ಲೇ ತಿರುಗಿಸಿದರೆ ಅದರ ಮೇಲಂಚು ಕೆಳಗೆ ಬರುತ್ತಿತ್ತು. ಅದಲು ಬದಲು ಮಾಡಿದರೆ ಎಲ್ಲ ತಗಡುಗಳ ‘ಕೆಂಗೇರಿ’ ಅಂಚು ಪೂರ್ವಕ್ಕೆ ತಿರುಗಿ ಮೇಲೆ ಕೂರುತ್ತಿತ್ತು. ಡಿಪ್ಲೊಮಾ ಮಾಡಿದ ನನಗೆ ಹೊಳೆಯದ್ದು ಏಳನೇ ಕ್ಲಾಸಿನವರಿಗೆ ಹೊಳೆದಿತ್ತು!

ಹೊಳೆದಷ್ಟು ಸುಲಭವಾಗಿ ಕೆಲಸ ಆಗಲಿಲ್ಲ. ಒಮ್ಮೆ ಮಡಿಚಿದ ತಾಮ್ರವನ್ನು ಬಿಚ್ಚಿದರೆ ಗಡುಸಾಗಿ ಬಿರುಕು ಬಿಡುತ್ತದೆ. ಒಂದೊಂದು ಅಂಚನ್ನೂ ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿ, ಮತ್ತೆ ಮಡಿಚಬೇಕು. ಹಳ್ಳಿಯವರೆಲ್ಲ ಬಂದು ಕೈಹಾಕಿದರು. ಗೋಡೆಗಳ ಮೇಲೆ ಟಾರ್ಪಾಲು ಕಟ್ಟಿ ಕಾದರು. ಮೇಸ್ತ್ರಿ ಕೆಮ್ಮುತ್ತಲೇ ಸೂರಿನ ಮೇಲಿದ್ದರು. ನಾನು ಇಳಿಯಿರಿ ಎಂದರೆ, “ಸುಮ್ನಿರಮ್ಮ,” ಎನ್ನುತ್ತಿದ್ದರು. ಕೊನೆಯ ಸಾಲು ಸಿಕ್ಕಿಸುವಾಗ ಹಿಮದ ಪುಡಿ ಉದುರುತ್ತಿತ್ತು, ಅವರ ಮೀಸೆ ಬೆಳ್ಳಗಾಗಿತ್ತು. ಗಾಳಿ ಎದ್ದ ಮೇಲೆ ಒಳಗೆ ಹೋಗಿ ಗೋಡೆಯನ್ನು ಉದ್ದಕ್ಕೂ ಮುಟ್ಟಿ ಮುಟ್ಟಿ ನೋಡಿದರು. ಎಲ್ಲೂ ಒದ್ದೆಯಿರಲಿಲ್ಲ.

ಅಲ್ಲಿಂದಾಚೆಗೆ ಪ್ರತಿ ವರ್ಷ ಹಿಮ ಕರಗಿದ ಮೇಲೆ ಭಿಕ್ಷುಗಳು ಮೇಸ್ತ್ರಿಯ ಫೋನಿಗೆ ಒಂದು ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. “ಮೇಸ್ತ್ರಿ, ಗೋಡೆ ಒಣಗಿದೆ.” ಅಷ್ಟೇ. ಮೇಸ್ತ್ರಿ ಅದನ್ನು ಶೆಡ್ಡಿನಲ್ಲೇ ಕೇಳಿ, “ಹ್ಞೂಂ, ಈ ವರ್ಷಕ್ಕೆ ಪಾಸು,” ಎಂದು ಮತ್ತೆ ಸುತ್ತಿಗೆ ಎತ್ತಿಕೊಳ್ಳುತ್ತಿದ್ದರು. ನೀವು ದೊಡ್ಡ ಕೆಲಸ ಮಾಡಿದಿರಿ ಎಂದು ಒಂದು ಸಲವಾದರೂ ನಾನು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಹೋದ ಮಳೆಗಾಲದಲ್ಲಿ ಕೆಮ್ಮು ಎದೆಗಿಳಿದು ಅವರು ತೀರಿಕೊಂಡರು. ಶೆಡ್ಡಿದ್ದ ಜಾಗದಲ್ಲಿ ಈಗ ಜಿಮ್ ಇದೆ.

ಈ ಸಲದ ಮೆಸೇಜ್ ನನ್ನ ಫೋನಿಗೆ ಬಂತು. “ಅಕ್ಕ, ಈ ವರ್ಷ ಹಿಮ ಜಾಸ್ತಿ ಇತ್ತು. ಗೋಡೆ ಒಣಗಿದೆ. ಮೇಸ್ತ್ರಿಗೆ ಹೇಳೋಕಾಗಲ್ಲ... ಅದಕ್ಕೆ ನಿಮಗೆ ಹೇಳ್ತಾ ಇದೀನಿ.” ಬಂದಾಗ ಕೇಳಿ, ಅತ್ತು, ಫೋನು ಮುಚ್ಚಿಟ್ಟಿದ್ದೆ. ಮೊನ್ನೆ ಪಾತ್ರೆಗಳನ್ನು ಅಲ್ಲೇ ಬಿಟ್ಟು, ಸೀರೆ ಸರಿಮಾಡಿಕೊಂಡು, ದೀಪಾಂಜಲಿ ನಗರದ ಅವರ ಮನೆಗೆ ಹೋದೆ. ಅವರ ಹೆಂಡತಿ ಸೊಪ್ಪು ಬಿಡಿಸುತ್ತಾ ಬಾಗಿಲಲ್ಲೇ ಕೂತಿದ್ದರು. ಪಕ್ಕದಲ್ಲಿ ಕೂತು ಮೆಸೇಜ್ ಹಾಕಿ ಕೇಳಿಸಿದೆ.

ಅವರಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹಾಕಿಸಿಕೊಂಡರು. “ಇದು ಆ ಬೆಟ್ಟದ್ ಗುಡಿದಾ? ನಮ್ಮನೆಯವ್ರು ಅದ್ರ ಬಗ್ಗೆ ಒಂದೇ ಮಾತು ಹೇಳಿದ್ದು ಕಣಮ್ಮ. ಬೆಟ್ಟದಲ್ಲಿ ತಪ್ಪು ಮಾಡ್ಬಿಟ್ಟೆ ಕಣೇ ಅಂತ. ಮಳೆ ಬಂದಾಗೆಲ್ಲಾ ಎದ್ದು ಕೂತ್ಕೊಳೋರು. ನಾನು ಈವತ್ತಿನವರ್ಗೂ ಅದು ಸೋರ್ತಿದೆ ಅಂತ್ಲೇ ಅಂದ್ಕೊಂಡಿದ್ದೆ.”

“ಇಲ್ಲಮ್ಮ, ಸೋರಲ್ಲ. ಬಿಚ್ಚಿ ಮತ್ತೆ ಹೊದಿಸಿದ್ಮೇಲೆ ಒಂದು ದಿನಾನೂ ಸೋರಿಲ್ಲ,” ಎಂದೆ.

ಅವರು ಸೊಪ್ಪಿನ ಕಟ್ಟು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. “ಅವ್ರು ಇದ್ದಾಗ ಬಂದು ನಂಗೂ ಹೇಳ್ಬಾರ್ದಿತ್ತಾ ತಾಯಿ, ಅವ್ರ ಮುಂದೇನೇ ಈ ಮಾತು?”