ಬಾಯಿ ಮುಚ್ಚಿ ಕರೆದದ್ದು

ಮೈಲಾರಲಿಂಗನ ಒಕ್ಕಲಿನ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಮಾಳಪ್ಪನ ಶರಣು. ಇದು ನಾನು ನಡು ಹಿಡಿದುಕೊಂಡು ಪರೇಲಿನ ಆಸ್ಪತ್ರೆಯೊಂದರಲ್ಲಿ ಬಿದ್ದಿದ್ದ ಕಾಲದ ಮಾತು. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಗಿರಣಿಯ ಗೋದಾಮಿನಲ್ಲಿ ದಿನವಿಡೀ ಹತ್ತಿಯ ಮೂಟೆ ಹೊರುತ್ತಿದ್ದವನಿಗೆ ಮಗ್ಗುಲು ಬದಲಿಸಲೂ ಹೆಂಡತಿ ಗಂಗವ್ವನ ಕೈ ಬೇಕಾಯಿತು.

ನಡು ಕೆಟ್ಟದ್ದು ಮೂಟೆಯಿಂದಲ್ಲ, ನನ್ನ ಹಟದಿಂದ. ನಮ್ಮ ಮನೆತನದ ಗಂಡಸರು ಮೈಲಾರನ ಮುಂದೆ ಕಬ್ಬಿಣದ ಸರಪಳಿ ಹರಿದು ಸೇವೆ ಸಲ್ಲಿಸುವವರು. "ಏಳುಕೋಟಿ ಏಳುಕೋಟಿಗೋ" ಎಂದು ಸ್ವಾಮಿಯನ್ನು ಕೂಗಿ ಕರೆದು ಅಪ್ಪ ಒಮ್ಮೆ ಜಗ್ಗಿದರೆ ಕೊಂಡಿ ಬಿಡುತ್ತಿತ್ತು. ನನ್ನ ಸರದಿ ಬರುವ ಮೊದಲೇ ನಾನು ವಿಜಾಪುರದ ಕಡೆಯಿಂದ ಮುಂಬಯಿಗೆ ಬಂದೆ. ಸೇವೆ ಹಾಗೇ ಉಳಿಯಿತು. ಗಿರಣಿಯ ಹಿಂದಿನ ಚಾಳಿನ ವ್ಯಾಯಾಮಶಾಲೆಯಲ್ಲಿ ಪವರ್‌ಲಿಫ್ಟಿಂಗ್ ನೋಡಿದ ದಿನ, ನನ್ನ ಸರಪಳಿ ಇದೇ ಎಂದುಕೊಂಡೆ. ಒಂದೇ ಒಂದು ಸ್ಪರ್ಧೆಯಲ್ಲಿ ಮೈಲಾರನ ಹೆಸರು ಹೇಳಿ ಭಾರ ಎತ್ತಬೇಕು, ಅಷ್ಟೇ ಆಸೆ. ಕಲಿಸುವವರಿಲ್ಲದೆ, ಕೂಗಿ ಕೂಗಿ ಎತ್ತಿದೆ. ಒಂದು ಸಂಜೆ ಕೂಗು ಮೇಲೆ ಹೋಯಿತು, ನಾನು ಕೆಳಗೆ ಬಿದ್ದೆ.

ಇನ್ನು ಭಾರದ ಆಸೆ ಬಿಡು ಎಂದರು ಡಾಕ್ಟರು. ನಾನು ಗೋಡೆಗೆ ಮುಖ ಮಾಡಿ ಅತ್ತೆ. ಸ್ವಾಮಿ, ಊರಿನಲ್ಲೂ ನಿನಗೆ ಸಲ್ಲಲಿಲ್ಲ, ಇಲ್ಲಿಯೂ ಸಲ್ಲಲಿಲ್ಲ, ಒಂದು ದಿನ ಕೊಡು ಎಂದು ಬೇಡಿಕೊಂಡೆ.

ಮರುದಿನ ಪಕ್ಕದ ಹಾಸಿಗೆಯವರನ್ನು ನೋಡಲು ಅವರ ಭಾವ ಬಂದರು. ಬೆಳಗಾವಿಯವರು, ಪರಶುರಾಮ ಮಾಸ್ತರು. ಹುಡುಗರನ್ನು ಸ್ಪರ್ಧೆಗೆ ತಯಾರು ಮಾಡುತ್ತ ತಲೆ ನರೆತವರು. ಹೇಗೆ ಎತ್ತುತ್ತಿದ್ದೆ ತೋರಿಸು ಎಂದರು. ಮಲಗಿದಲ್ಲಿಯೇ ಮುಷ್ಟಿ ಕಟ್ಟಿ ಅದೇ ಏಳುಕೋಟಿಯ ಕೂಗು ಹಾಕಿದೆ. ನರ್ಸಮ್ಮ ಓಡಿ ಬಂದು ಬೈದು ಹೋದಳು. ಮಾಸ್ತರು ನಗಲಿಲ್ಲ.

"ಮಾಳಪ್ಪಾ, ಕೂಗಿದ್ರ ಉಸಿರು ಹೊರಗ ಹೋಗ್ತೈತಿ. ಉಸಿರು ಹೋದಮ್ಯಾಲ ನಡಾ ಯಾತರ ಆಸರಕ್ಕ ನಿಂದ್ರಬೇಕು? ನೀ ದೇವರನ್ನ ಹೊರಗ ಕಳಿಸಿ ವಜ್ಜಾ ಎತ್ತಾಕತ್ತಿ."

ತಾವೇ ಕಲಿಸುವುದಾಗಿ ಹೇಳಿದ ಮಾಸ್ತರು, ಡಾಕ್ಟರು ಒಪ್ಪುವವರೆಗೆ ತಿಂಗಳುಗಟ್ಟಲೆ ಕಾಯಿಸಿದರು. ಆಮೇಲೂ ಬರೀ ಕಬ್ಬಿಣದ ಸರಳು ಕೊಟ್ಟರು. ಸರಳು ಮೊಣಕಾಲ ಕೆಳಗಿನ ಎಲುಬಿಗೆ ತಾಗಿಕೊಂಡೇ ಮೇಲೇರಬೇಕು. ಉಸಿರು ಎದೆಗಲ್ಲ, ಹೊಟ್ಟೆಗೆ ತುಂಬಬೇಕು. ಧಾರಾವಿಯಲ್ಲಿ ಹೊಲಿಸಿ ನಡುವಿಗೆ ಬಿಗಿದ ಚರ್ಮದ ಪಟ್ಟಿಗೆ ಹೊಟ್ಟೆಯನ್ನು ಒತ್ತಿ ಹಿಡಿಯಬೇಕು. ನೆಟ್ಟಗೆ ನಿಲ್ಲುವವರೆಗೆ ಬಾಯಿ ತೆರೆಯಕೂಡದು.

ಮೈ ಕಲಿಯಿತು, ಮನಸ್ಸು ಕಲಿಯಲಿಲ್ಲ. ಈ ಊರಿಗೆ ಬರುವಾಗ ನಾನು ತಂದದ್ದು ಆ ಕೂಗು ಒಂದನ್ನೇ. ಅದನ್ನೂ ಬಿಟ್ಟರೆ ಸ್ವಾಮಿಗೆ ನಾನು ಯಾರು? ಭಾನುವಾರ ಮೈಲಾರನ ವಾರ. ಮನೆಯಿದ್ದ ಜೋಗೇಶ್ವರಿಯಿಂದ ಅಭ್ಯಾಸಕ್ಕೆಂದು ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಬರುವಾಗ, ಎದುರಿನಿಂದ ಇನ್ನೊಂದು ಗಾಡಿ ಧಡಧಡ ಹಾಯುವ ಹೊತ್ತಿಗೆ ಸರಿಯಾಗಿ ಒಮ್ಮೆ ಕೂಗಿಬಿಡುತ್ತಿದ್ದೆ. ನನ್ನ ಕಿವಿಗೇ ಕೇಳುತ್ತಿರಲಿಲ್ಲ. ಅವನಿಗೆ ಕೇಳಿತೋ ಇಲ್ಲವೋ ಎಂದು ದಾದರ್ ಬರುವವರೆಗೂ ಹಂಬಲಿಸುತ್ತಿದ್ದೆ.

ಸ್ಪರ್ಧೆ ದಾದರಿನ ಒಂದು ಶಾಲೆಯಲ್ಲಿ ನಡೆಯಿತು. ನೆಲದಿಂದ ಭಾರ ಎತ್ತುವುದು ಕೊನೆಗೆ, ಮೂರು ಅವಕಾಶ. ಮೊದಲನೆಯದರಲ್ಲಿ ಅಭ್ಯಾಸಬಲದಿಂದ ಕೂಗಿದೆ. ಸರಳು ಮೊಣಕಾಲಿನಲ್ಲಿ ನಿಂತುಬಿಟ್ಟಿತು. ಎರಡನೆಯದರಲ್ಲಿಯೂ ಹಾಗೇ, ನಡು ಚುಳ್ ಎಂದಿತು. ಮೂರನೆಯದಕ್ಕೆ ಮಾಸ್ತರು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಒಳಗ ಇಟ್ಕೋ" ಎಂದರು.

ಉಸಿರು ತುಂಬಿದೆ. ಬಾಯಿ ಬಿಗಿದೆ. ಹೊರಗೆ ಹೋಗಲು ದಾರಿಯಿಲ್ಲದೆ ಅವನ ಹೆಸರು ಮೈಯೆಲ್ಲ ಓಡಾಡಿತು. ಸರಳು ಮೊಣಕಾಲು ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ಇಳಿಸು ಎಂದು ತೀರ್ಪುಗಾರರು ಕೈ ತೋರಿಸಿದಾಗ ನಾನು ನೆಟ್ಟಗೆ ನಿಂತಿದ್ದೆ. ಮೂವರೂ ಒಪ್ಪಿದರು. ನಾಲ್ಕನೆಯವನಾದೆ; ಪದಕವಿಲ್ಲ.

ದಾದರ್ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಾಗ ಸಂಕಟ ಶುರುವಾಯಿತು. ಸೇವೆ ಏನೋ ಆಯಿತು, ಆದರೆ ಅವನನ್ನು ಕರೆಯಲೇ ಇಲ್ಲವಲ್ಲ ಎಂದು ಸ್ಪರ್ಧೆ ನೋಡಲು ಬಂದಿದ್ದ ಗಂಗವ್ವನಿಗೆ ಹೇಳಿದೆ. ಅವಳು ಬೆವರಿನಿಂದ ತೊಯ್ದ ಚರ್ಮದ ಪಟ್ಟಿಯನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು.

"ಕೂಗಿ ಕರ್ಯಾಕ ಅಂವ ದೂರ ಇದ್ದನೇನ್ರಿ?" ಎಂದಳು.

ನನಗೆ ಅಳು ತಡೆಯಲಾಗಲಿಲ್ಲ. ಎರಡು ಲೋಕಲ್ ಬಿಟ್ಟೆವು.

ಸ್ವಾಮಿ ನನ್ನ ಸೇವೆ ತೆಗೆದುಕೊಂಡ, ಕೋಟಿ ನಮಸ್ಕಾರ. ಆ ಕೂಗಿನ ಆಸೆ ಮಾತ್ರ ಇವತ್ತಿಗೂ ಗಂಟಲಲ್ಲಿದೆ. ಅದನ್ನೂ ಅಲ್ಲಿ ಅವನೇ ಇಟ್ಟಿದ್ದಾನೆ ಎಂದು ನಂಬಿದ್ದೇನೆ.